ಪೂರ್ಣಿಯ ಡಬಲ್ ಪ್ರಮೋಷನ್

ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ದೇವರ ಪಾತ್ರೆ ಉಜ್ಜಿದೆ, ಎರಡು ಸೀರೆಗೆ ಫಾಲ್ ಹೊಲಿದೆ, ಹಪ್ಪಳ ಮಗುಚಿ ಹಾಕಿದೆ. ಮಧ್ಯಾಹ್ನ ಹಳೆಯ ಟೈಪ್‌ರೈಟರಿನ ಮುಚ್ಚಳ ತೆಗೆದು ಒರೆಸುತ್ತಿದ್ದಾಗ ರಿಬ್ಬನ್ನಿನ ಮಸಿಯೂ ಎಣ್ಣೆಯೂ ಕೂಡಿದ ಆ ವಾಸನೆ ಬಂತು ನೋಡಿ, ಹಳೆಯ ದಿಗಿಲೇ ಎದ್ದು ಕೂತಿತು.

ತೊಂಬತ್ತರ ದಶಕದಲ್ಲಿ ರಾಜೀವನಗರದ ಇದೇ ಮನೆಯಲ್ಲಿ ಕೂತು ನಾನು ವಿಶ್ವವಿದ್ಯಾನಿಲಯದವರ ಪ್ರಬಂಧಗಳನ್ನು ಟೈಪ್ ಮಾಡಿಕೊಡುತ್ತಿದ್ದೆ. ಸಾಮಾನ್ಯವಾಗಿ ಬೆರಳಿಗೆ ಬಂದದ್ದು ತಲೆಗೆ ಹತ್ತುತ್ತಿರಲಿಲ್ಲ. ವಸಂತಾ ಮೇಡಂ ಅವರದು ಮಾತ್ರ ಹತ್ತಿತು. ಪ್ರತಿಭಾವಂತ ಮಕ್ಕಳಿಗೆ ಮಾರ್ಗದರ್ಶನ, ಆಪ್ತಸಲಹೆ ಎಂಬುದು ಅವರ ವಿಷಯ. ಮೊದಲಿನ ಸಂಶೋಧಕರು ಬುದ್ಧಿಯನ್ನು ಅಳೆಯುವುದು ಹೇಗೆ ಎಂದು ನೋಡಿದರಂತೆ; ಆಮೇಲಿನವರು ಅಂಥ ಮಗುವಿನ ಭಯ, ಒಂಟಿತನವನ್ನು; ಈಚಿನವರು ಅದರ ಮನೆಯವರನ್ನೂ. ಜೊತೆಗೆ ಲಕ್ಷಣಗಳದೊಂದು ಪಟ್ಟಿ. ಅತಿಯಾಗಿ ಪ್ರಶ್ನೆ ಕೇಳುವುದು, ಬೇಗ ಬೇಸರಪಡುವುದು. ನನ್ನ ಚಿಕ್ಕವಳು ಪೂರ್ಣಿಗೆ ಎಲ್ಲವೂ ಹೊಂದಿದವು. ಹುರುಳಿಕಾಯಿ ಪಲ್ಯ ಬೇಡವೆನ್ನುವುದು ಪಟ್ಟಿಯಲ್ಲಿರಲಿಲ್ಲ. ಅದನ್ನೂ ನಾನೇ ಮನಸ್ಸಿನಲ್ಲಿ ಸೇರಿಸಿಕೊಂಡೆ.

ಅದೇ ತಿಂಗಳು ಶಾಲೆಯ ಹೆಡ್‌ಮೇಡಂ ಕರೆಸಿದರು. ಪೂರ್ಣಿ ಮೂರನೇ ಕ್ಲಾಸು. ಸೋಮವಾರ ಒಂದು ಪರೀಕ್ಷೆ, ಪಾಸಾದರೆ ನಾಲ್ಕನ್ನು ಹಾರಿಸಿ ನೇರ ಐದಕ್ಕೆ. ದೊಡ್ಡವಳು ಸವಿತಾ ಆಗ ನಾಲ್ಕರಲ್ಲಿದ್ದಳು. ಅಂದರೆ ಬರುವ ವರ್ಷ ಅಕ್ಕತಂಗಿ ಒಂದೇ ಕ್ಲಾಸು.

"ಒಂದು ವರ್ಷ ಉಳೀತದೆ ಕಣೇ, ಒಪ್ಕೊಂಡ್ಬುಡು," ಅಂದರು ನಮ್ಮೆಜಮಾನರು.

ಒಪ್ಪಿದೆ. ಆ ವಾರವೆಲ್ಲ ಪೂರ್ಣಿಯ ಹಿಂದೆಯೇ ಸುತ್ತಿದೆ. ಬಾದಾಮಿ ನೆನೆಹಾಕಿದೆ, ಮಗ್ಗಿ ಹೇಳಿಸಿದೆ, ನಿದ್ದೆಯಲ್ಲಿ ಕನವರಿಸಿದರೆ ಎದ್ದು ಹಣೆ ಮುಟ್ಟಿ ನೋಡಿದೆ. ಸೋಮವಾರ ಅವಳು ಹೆಸರೊಂದನ್ನು ಬರೆದು ಉಳಿದ ಹಾಳೆಯನ್ನೆಲ್ಲ ಖಾಲಿ ಕೊಟ್ಟು ಬಂದಳು.

"ಏನಮ್ಮ, ಮನೇಲಿ ಏನಾದ್ರೂ ಗಲಾಟೆನಾ?" ಎಂದು ಹೆಡ್‌ಮೇಡಂ ಕೇಳಿದರು. ಇಂಥ ಮಕ್ಕಳು ಕೆಲವೊಮ್ಮೆ ಬುದ್ಧಿಯನ್ನು ಬಚ್ಚಿಡುತ್ತಾರೆ ಎಂದು ಹಿಂದಿನ ದಿನವಷ್ಟೇ ಟೈಪ್ ಮಾಡಿದ್ದೆ. ಟೈಪಾದ ಹಾಳೆಗಳನ್ನು ಒಯ್ಯಲು ಬಂದ ವಸಂತಾ ಮೇಡಂ ಮುಂದೆ ಎಲ್ಲ ಹೇಳಿಕೊಂಡೆ.

"ನನ್ನ ಕೇಳ್ತಿದೀರಲ್ಲ, ಅವಳನ್ನ ಕೇಳಿದ್ರಾ?" ಅಂದರು ಅವರು.

ಕೇಳಿದೆ. ಪೂರ್ಣಿ ಗೋಡೆ ನೋಡಿಕೊಂಡು, "ಅಕ್ಕನ ಕ್ಲಾಸಿಗೆ ನಾನು ಹೋಗಲ್ಲ," ಅಂದಳು. ಅಷ್ಟೇ. ಮತ್ತೆ ಪರೀಕ್ಷೆ ಬೇಡವೆಂದು ಬರೆದುಕೊಟ್ಟೆ. ಆಮೇಲೆ ಹದಿನಾಲ್ಕು ವರ್ಷ, ಮದುವೆಮನೆ, ನಾಮಕರಣ ಎಲ್ಲಿ ಸಿಕ್ಕರೂ ನೆಂಟರಿಗೆ, ಅಕ್ಕನ ಮನಸ್ಸು ನೋಯಬಾರದೆಂದು ಖಾಲಿ ಹಾಳೆ ಕೊಟ್ಟ ಈ ತಂಗಿಯ ಪ್ರೀತಿಯ ಕಥೆ ಹೇಳಿದ್ದೇನೆ. ಒಳಗೆ ಮಾತ್ರ, ಅವಳ ದಾರಿಗೆ ನಾನೇ ಅಡ್ಡ ನಿಂತೆನೋ ಎಂಬ ಅಳುಕು.

ಪೂರ್ಣಿ ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ಸವಿತಾ ಉದಯಗಿರಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಇಂದು ಸಂಜೆ ಇಬ್ಬರೂ ಕಾಫಿ ಕುಡಿಯುತ್ತಿದ್ದಾಗ ಕಥೆಯನ್ನು ಇನ್ನೊಮ್ಮೆ ತೆಗೆದೆ. ಸವಿತಾ ಲೋಟ ಕೆಳಗಿಟ್ಟಳು.

"ಸಾಕು ಬುಡಮ್ಮ. ಹಾಳೆ ಖಾಲಿ ಕೊಡು ಅಂತ ಇವಳಿಗೆ ಅಂದಿದ್ದೇ ನಾನು. ನೀನು ಬರೆದ್ರೆ ನಾನು ಸ್ಕೂಲ್ ಬಿಡ್ತೀನಿ ಅಂತ ಹೆದರಿಸಿದ್ದೆ."

ಪೂರ್ಣಿಯ ಕಡೆ ನೋಡಿದೆ. ಅವಳು ನಕ್ಕಳು. "ಇವಳು ಮೂರು ದಿನ ಅತ್ತಿದ್ಲು ಕಣಮ್ಮ, ಬಚ್ಚಲುಮನೇಲಿ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅವಳನ್ನ ಕೇಳ್ದೆ. ನನ್ನ ಕೇಳ್ಲಿಲ್ಲ," ಅಂದಳು ಸವಿತಾ. ಕೋಪವಿರಲಿಲ್ಲ, ಅದಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ವಾರ ಪೂರ್ಣಿ ಎಷ್ಟು ಬಾದಾಮಿ ತಿಂದಳೆಂದು ಇವತ್ತಿಗೂ ಹೇಳಬಲ್ಲೆ. ಸವಿತಾ ಏನು ತಿಂದಳು, ಎಲ್ಲಿ ಮಲಗಿದಳು, ಎಷ್ಟು ತಡಕಿದರೂ ನೆನಪಾಗುತ್ತಿಲ್ಲ. ಅಡುಗೆಮನೆಗೆ ಬಂದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗಡಿಯಲ್ಲಿ ಈ ದಿನ ಏನೇನಾಯಿತೆಂದು ಕೇಳಿದೆ. ಮೊದಲು ಅನುಮಾನದಿಂದ ನೋಡಿದಳು, ಆಮೇಲೆ ಹೇಳುತ್ತಾ ಹೋದಳು.

ರಾತ್ರಿ ಮುದ್ದೆ, ಹಿತಕಿದ ಬೇಳೆ ಸಾರು. ಸವಿತಾ ಒಂದೂವರೆ ಮುದ್ದೆ ಉಂಡಳು, ಸಾರನ್ನು ಎರಡು ಸಲ ಹಾಕಿಸಿಕೊಂಡಳು, ಮಜ್ಜಿಗೆ ಬೇಡವೆಂದಳು. ಮೊದಲು ನಿದ್ದೆ ಹೋದವಳೂ ಅವಳೇ, ಬಾಗಿಲ ಕಡೆ ಮಗ್ಗುಲಾಗಿ.