ಸೋಡಾ ಪೆಟ್ಟಿಗೆಯ ಮೇಲೆ ಮೊದಲ ಪಾಠ

ಚೆನ್ನೈಯ ತ್ರಿಪ್ಲಿಕೇನಿನ ಒಂದು ಮೆಸ್ಸಿನ ಮಹಡಿಯಲ್ಲಿ, ಕೈ ತೊಳೆಯುವ ಬೇಸಿನ್ನಿಗೂ ಮೆಟ್ಟಿಲಿಗೂ ನಡುವೆ ನಾನು ನಿಂತಿದ್ದೆ. ಎರಡು ಸಾವಿರದ ಮೂರನೆಯ ಇಸವಿ, ಮೇ ತಿಂಗಳ ಒಂದು ಭಾನುವಾರ. ಮಧ್ಯಾಹ್ನ ಮೂರು ದಾಟಿತ್ತು. ಊಟದವರು ಹೋಗಿ, ಟೇಬಲ್ಲು ಒರೆಸಿ ಆಗಿತ್ತು. ನನ್ನಿಂದ ಸೋಡಾ ಪೆಟ್ಟಿಗೆಗೆ ಮೂರು ಹೆಜ್ಜೆ.

ನಾವು ಒಬ್ಬ ಪತ್ತೇದಾರಿ ಕಾದಂಬರಿಕಾರರ ಅಭಿಮಾನಿಗಳು. ನಮ್ಮದೊಂದು ಇಮೇಲ್ ಗುಂಪಿತ್ತು. ಅದರಲ್ಲಿ ಎಲ್ಲೆಲ್ಲಿಯ ಕನ್ನಡಿಗರೂ ಇದ್ದರು. ಚೆನ್ನೈಯಲ್ಲಿದ್ದವರು ಮಾತ್ರ ತಿಂಗಳಿಗೊಮ್ಮೆ ಈ ಮಹಡಿಯಲ್ಲಿ ಸೇರುತ್ತಿದ್ದೆವು. ಆ ಕಾದಂಬರಿಗಳೆಲ್ಲ ಕೋರ್ಟಿನಲ್ಲೇ ಮುಗಿಯುತ್ತಿದ್ದರಿಂದ ನಮ್ಮಲ್ಲೂ ಒಂದು ರೂಢಿ ಬೆಳೆದಿತ್ತು. ಯಾರೇ ಹೊಸ ಸಲಹೆ ತಂದರೂ ಅವರು ಆರೋಪಿ. ಮಗುಚಿ ಹಾಕಿದ ಸೋಡಾ ಪೆಟ್ಟಿಗೆಯೇ ಕಟಕಟೆ. ಆರೋಪಿ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬೇಕು. ವಿಮಾ ಕಚೇರಿಯ ಮೇಡಂ ಸಾಂಬಾರಿನ ಸೌಟು ಹಿಡಿದು ಜಡ್ಜಿ ಆಗುತ್ತಿದ್ದರು. ಗುಂಪನ್ನು ನಡೆಸುತ್ತಿದ್ದ ವೇಲಚೇರಿಯ ಬ್ಯಾಂಕ್ ಮ್ಯಾನೇಜರು ಸರ್ಕಾರಿ ವಕೀಲ.

ಅಂದು ಪೆಟ್ಟಿಗೆ ಹತ್ತಿದವರು ರೈಲ್ವೆ ಪಾರ್ಸೆಲ್ ಆಫೀಸಿನ ಗುಮಾಸ್ತರು. ಐವತ್ತು ದಾಟಿದವರು. ನಾವಿಬ್ಬರೂ ದಿನಾ ತಾಂಬರಂನಿಂದ ಒಂದೇ ಎಲೆಕ್ಟ್ರಿಕ್ ಟ್ರೇನಿನಲ್ಲಿ ಬರುತ್ತಿದ್ದೆವು. ಅವರ ಸಲಹೆ ಇಷ್ಟು: ಗುಂಪಿನವರಿಗೆ ಇಮೇಲಿನಲ್ಲೇ ಹನ್ನೆರಡು ವಾರದ ಸಾಹಿತ್ಯ ಪಾಠ. ನಮಗೆ ಬಾಯಿಪಾಠವಾದ ಕಾದಂಬರಿಗಳಿಂದಲೇ ಶುರು, ಅಲ್ಲಿಂದ ನಿಧಾನವಾಗಿ ಹಳೆಯ ಕಾವ್ಯದವರೆಗೆ. ಮೊದಲ ಪಾಠವನ್ನು ಹಾಳೆಯಲ್ಲಿ ಬರೆದೇ ತಂದಿದ್ದರು. ಮೇಷ್ಟ್ರಾಗಬೇಕು ಎಂಬುದೊಂದೇ ಅವರ ಆಸೆ. ಅದನ್ನು ಟ್ರೇನಿನಲ್ಲಿ ಎಷ್ಟೋ ಸಲ ಹೇಳಿದ್ದರು. ಅಂಚೆ ಶಿಕ್ಷಣದಲ್ಲಿ ಎಂ.ಎ. ಕಟ್ಟಿದ್ದು, ಕೊನೆಯ ಎರಡು ಪೇಪರಿನ ದಿನ ಹೆಂಡತಿ ಆಸ್ಪತ್ರೆಯಲ್ಲಿದ್ದದ್ದು, ಆ ಪೇಪರುಗಳು ಹಾಗೇ ಉಳಿದದ್ದು. ಇದನ್ನು ನನ್ನೊಬ್ಬನಿಗೇ ಹೇಳಿದ್ದರು.

ಅಂದು ಬೆಳಿಗ್ಗೆ ಮ್ಯಾನೇಜರು ಫೋನು ಮಾಡಿದಾಗ, ಮಾತಿಗೆ ಮಾತು ಸೇರಿ, ಆ ಎರಡು ಪೇಪರಿನ ವಿಷಯ ನಾನು ಹೇಳಿಬಿಟ್ಟಿದ್ದೆ.

"ಎಂ.ಎ. ಪಾಸಾಗಿದೀರಾ?" ಮ್ಯಾನೇಜರ ಮೊದಲ ಪ್ರಶ್ನೆಯೇ ಅದು.

ಗುಮಾಸ್ತರು ನಗುತ್ತಲೇ, "ಅದು ಏನಾಯ್ತು ಅಂದ್ರೆ ಸಾರ್, ಎರಡು ಪೇಪರು..." ಎಂದರು.

"ಹೌದೋ ಇಲ್ವೋ?"

"ನಮ್ಮ ಮನೆಯೋರು ಆಗ..."

ಮೇಡಂ ಸೌಟಿನಿಂದ ಟೇಬಲ್ಲು ಕುಟ್ಟಿದರು. "ಮನೆಯೋರು ಆರೋಪಿ ಅಲ್ಲ ಕಣ್ರೀ! ಹೌದಾ, ಇಲ್ವಾ?"

ಎಲ್ಲರೂ ನಕ್ಕರು. ಗುಮಾಸ್ತರು ನನ್ನ ಕಡೆ ನೋಡಿದರು, ಒಂದೇ ಸಲ. ಆಮೇಲೆ "ಇಲ್ಲ" ಎಂದರು.

"ಪಾರ್ಸೆಲ್ಲಿಗೆ ಲೇಬಲ್ ಅಂಟಿಸೋರು ನಮಗೆ ಕಾವ್ಯ ಹೇಳ್ಕೊಡ್ತಾರಂತೆ, ಮೈ ಲಾರ್ಡ್" ಎಂದರು ಮ್ಯಾನೇಜರು.

ಶಿಕ್ಷೆ ಕೊಡುವುದೂ ರೂಢಿಯೇ. ಬೇರೆಯವರಿಗೆಲ್ಲ ಮುಂದಿನ ಸಲ ಬೋಂಡಾ ತನ್ನಿ ಎನ್ನುತ್ತಿದ್ದರು. ಇವರಿಗೆ ಮೇಡಂ, "ಕಿವಿ ಹಿಡ್ಕೊಂಡು ಮೊದಲನೇ ಪಾಠ ಓದಿ" ಎಂದರು. ಎರಡು ಕೈಯೂ ಕಿವಿಗೆ ಹೋದರೆ ಹಾಳೆ ಹಿಡಿಯುವವರು ಯಾರು? ಮ್ಯಾನೇಜರು ಅದನ್ನು ನನ್ನ ಕೈಗೆ ಕೊಟ್ಟರು. ಆ ಮೂರು ಹೆಜ್ಜೆ ನಾನೇ ನಡೆದು ಹೋಗಿ ಅವರ ಮುಖದ ಮುಂದೆ ಹಾಳೆ ಹಿಡಿದೆ.

ಅವರು ಓದಿದರು. ನಾವೆಲ್ಲ ಹತ್ತು ಸಲ ಓದಿದ್ದ ಒಂದು ಕೊಲೆಯ ಕಥೆಯ ಬಗ್ಗೆ ಪಾಠ. "ಈ ಮನೆಯಲ್ಲಿ ಇನ್‌ಸ್ಪೆಕ್ಟರು ಎಲ್ಲರನ್ನೂ ಪ್ರಶ್ನಿಸುತ್ತಾರೆ. ಅಡುಗೆಯವಳನ್ನು ಒಂದು ಮಾತೂ ಕೇಳುವುದಿಲ್ಲ. ಓದುವಾಗ ನಾವೂ ಕೇಳಲಿಲ್ಲ. ಯಾಕೆ?"

ನಗು ನಿಂತಿತು. ಮೆಟ್ಟಿಲ ಬಳಿ ನಿಂತಿದ್ದ ಮೆಸ್ಸಿನ ಯಜಮಾನರು ಮೆಲ್ಲಗೆ, "ಪೋದುಂ ಸಾರ್, ಸಾಕು ಬಿಡಿ. ವಯಸ್ಸಾದೋರು" ಎಂದರು.

"ಇನ್ನೂ ಒಂದು ಪುಟ ಇದೆಯಲ್ಲ" ಎಂದರು ಮ್ಯಾನೇಜರು. ನಾನು ಹಾಳೆ ತಿರುವಿದೆ.

ಗುಮಾಸ್ತರು ಪೂರ್ತಿ ಓದಿ, ಕಿವಿ ಬಿಟ್ಟು, ಇಳಿದು, ಪೆಟ್ಟಿಗೆಯನ್ನು ಗೋಡೆಗೆ ಸರಿಸಿಟ್ಟು ಹೋದರು. ಹಾಳೆ ಕೇಳಲಿಲ್ಲ. ಅದನ್ನು ನನ್ನ ಕೈಯಿಂದ ಮ್ಯಾನೇಜರು ತೆಗೆದುಕೊಂಡರು. ಮರುದಿನದಿಂದ ಗುಮಾಸ್ತರು ಬೇರೆ ಟ್ರೇನು ಹಿಡಿದರು.

ಮುಂದಿನ ವರ್ಷ ಗುಂಪಿನಲ್ಲಿ ಮ್ಯಾನೇಜರು ಹನ್ನೆರಡು ವಾರದ ಪಾಠ ಶುರುಮಾಡಿದರು. ಮೊದಲ ವಾರದ ಪ್ರಶ್ನೆ: ಅಡುಗೆಯವಳನ್ನು ಯಾರೂ ಯಾಕೆ ಕೇಳಲಿಲ್ಲ? ನಾನೂ ಸೇರಿದ್ದೆ. ಒಂದು ಪುಟದ ಉತ್ತರ ಬರೆದೆ. ಮ್ಯಾನೇಜರು ಅದನ್ನು ಎಲ್ಲರಿಗೂ ಕಳಿಸಿ ಮೆಚ್ಚಿದರು. ಆ ಪ್ರಶ್ನೆ ಯಾರದೆಂದು ನಾನು ಬರೆಯಲಿಲ್ಲ. ಗುಮಾಸ್ತರ ವಿಳಾಸವೂ ಗುಂಪಿನ ಪಟ್ಟಿಯಲ್ಲಿತ್ತು. ಅದನ್ನು ಅವರು ಯಾವತ್ತೂ ತೆಗೆಸಲಿಲ್ಲ. ಅಂದರೆ ಹನ್ನೆರಡು ವಾರವೂ ಪಾಠ ಅವರಿಗೆ ಹೋಗಿದೆ. ನನ್ನ ಉತ್ತರವೂ ಹೋಗಿದೆ.

ಈಗ ಅವರಿಲ್ಲ. ಮೇಡಂ ಕೂಡ ತೀರಿಕೊಂಡರು. ಉಳಿದವರ ಸುದ್ದಿ ತಿಳಿಯದು. ಆ ಮಧ್ಯಾಹ್ನ ಕಂಡವರಲ್ಲಿ ಬದುಕಿರುವುದು, ನನಗೆ ಗೊತ್ತಿರುವ ಮಟ್ಟಿಗೆ, ಮೂವರು: ವೇಲಚೇರಿಯ ಮ್ಯಾನೇಜರು, ಸಾಕು ಎಂದ ಮೆಸ್ಸಿನ ಯಜಮಾನರು, ಹಾಳೆ ಹಿಡಿದಿದ್ದ ನಾನು.