ತ್ರಿಲೋಚನ ಖಾನಾಪುರಕ್ಕೆ ಬಂದದ್ದು

ನೀವು ನಕ್ಕರೂ ಸರಿ, ನನಗೆ ಪ್ರೀತಿ ಇರುವುದು ಸವೆದ ಸಿನಿಮಾಗಳ ಮೇಲೆ. ಒಂದೇ ಹೆಸರಿನಲ್ಲಿ ವರ್ಷಗಟ್ಟಲೆ ಬಂದು, ನಾಯಕನಿಗೆ ಮುಪ್ಪಡರಿ, ನಿರ್ಮಾಪಕರ ಕೈ ಬರಿದಾದ ಮೇಲೂ ಹಟಕ್ಕೆ ಬಿದ್ದು ಇನ್ನೊಂದು ಬರುತ್ತದಲ್ಲ, ಅಂಥವು. ಪತ್ತೇದಾರ ತ್ರಿಲೋಚನನ ಚಿತ್ರಗಳನ್ನು ನಾನು ಚಡ್ಡಿ ಹಾಕುವ ಕಾಲದಿಂದ ನೋಡಿದವನು. ಆಗ ಆತ ಹಡಗಿನಿಂದ ಹೆಲಿಕಾಪ್ಟರಿಗೆ ಜಿಗಿಯುತ್ತಿದ್ದ. ಈಚಿನ ಚಿತ್ರದಲ್ಲಿ ಖಾನಾಪುರದ ಹತ್ತಿರದ ಗುಂಜಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ರೈಲಿನಿಂದ ಕಂಬಿ ಹಿಡಿದು ಮೆಲ್ಲಗೆ ಇಳಿಯುತ್ತಾನೆ.

ಹಾಗೆ ಇಳಿದು ಆತ ಬಂದದ್ದು ನನ್ನ ಗೆಳೆಯ ಅಪ್ಪಾಸಾಹೇಬನ ಮನೆಗೆ. ಅಪ್ಪಾಸಾಹೇಬ ಖಾನಾಪುರದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಜೈನ. ಕತ್ತಲಾಗುವ ಮೊದಲೇ ಊಟ ಮುಗಿಸುವವನು, ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವವನು. ಚಿತ್ರದವರಿಗೆ ಬಾಡಿಗೆ ಇಲ್ಲದ ಮನೆ ಬೇಕಿತ್ತು, ಅವನಿಗೊಂದು ಪಾರ್ಟು ಬೇಕಿತ್ತು. ಕೊಟ್ಟರು, ಕೊಲೆಗಾರನ ಪಾರ್ಟು!

"ನನ್ನ ಕೈಲೆ ಖೂನಿ ಮಾಡಸ್ತಾರಂತಪಾ," ಎಂದು ಫೋನಿನಲ್ಲಿ ಗೋಳಾಡಿದ. "ನೀನೂ ಬಾ. ಒಬ್ಬನ ಇರಾಕ ಅಂಜಿಕಿ ಆಕ್ಕೇತಿ."

ಬೆಳಗಾವಿಯಿಂದ ಬಸ್ಸು ಹಿಡಿದು ಹೋದೆ. ಹೋದ ತಪ್ಪಿಗೆ ನನ್ನನ್ನೂ ಶಂಕಿತರ ಸಾಲಿನಲ್ಲಿ ನಿಲ್ಲಿಸಿದರು.

ಈ ಚಿತ್ರಗಳ ಜೀವವೆಲ್ಲ ಕೊನೆಯ ದೃಶ್ಯದಲ್ಲಿದೆ. ತ್ರಿಲೋಚನ ಎಲ್ಲರನ್ನೂ ಒಂದೇ ಕೋಣೆಗೆ ಕರೆಸಿ, ಯಾರು ಯಾಕೆ ಕೊಂದರೆಂದು ಬಿಡಿಸಿ ಹೇಳುತ್ತಾನೆ. ಕರೆದ ಕೂಡಲೇ ಕೊಲೆಗಾರನೂ ಸೇರಿ ಎಲ್ಲರೂ ಅದು ಹೇಗೆ ಬರುತ್ತಾರೋ! ನಮ್ಮ ಮನೆಯ ವಾಸ್ತುಶಾಂತಿಗೆ ಖಾಸಾ ಭಾವನೇ ಬರಲಿಲ್ಲ.

ಆ ದೃಶ್ಯ ತೆಗೆಯುವ ದಿನ ತೊಂದರೆ ಬೇರೆಯೇ ಇತ್ತು. ತ್ರಿಲೋಚನನಾಗಿದ್ದ ಹಿರಿಯ ನಟರಿಗೆ ಮಾತು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. "ಆ ದಿನ..." ಎಂದು ಶುರು ಮಾಡುವರು, ನಿಂತುಬಿಡುವರು. ಬೆಳಗಿನಿಂದ ಇದೇ ನಡೆದಿತ್ತು. ಕೊನೆಗೆ ನಿರ್ದೇಶಕಿ, ಮಗಳ ವಯಸ್ಸಿನ ಹೆಂಗಸು, ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: "ಸರ್, ಈ ಮಾತನ್ನ ಇನ್ಸ್‌ಪೆಕ್ಟರ್ ಪಾತ್ರದವರು ಹೇಳಲಿ. ನೀವು ಕುರ್ಚಿಯಲ್ಲಿ ಕೂತಿದ್ದರೆ ಸಾಕು."

ಇಷ್ಟು ವರ್ಷ ಆ ಮಾತನ್ನು ತ್ರಿಲೋಚನ ಯಾರಿಗೂ ಬಿಟ್ಟುಕೊಟ್ಟವನಲ್ಲ. ಹಿರಿಯರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. "ಇನ್ನೊಂದೇ ಸಲ ನೋಡೋಣಮ್ಮ," ಎಂದರು.

ಕ್ಯಾಮೆರಾ ಓಡತೊಡಗಿತು. ಅವರು ಬಾಯಿ ತೆರೆಯಲಿಲ್ಲ. ಒಬ್ಬೊಬ್ಬರ ಮುಂದೆ ನಿಂತು ಸುಮ್ಮನೆ ನೋಡುತ್ತ ಬಂದರು. ನನ್ನ ಮುಂದೆಯೂ ನಿಂತರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ನಿನ್ನದೆಲ್ಲ ನನಗೆ ಗೊತ್ತು, ಆದರೂ ನೀನು ಮನುಷ್ಯನೇ ಎಂಬಂಥ ಕರುಣೆ ಇತ್ತು. ಕಥೆಯಲ್ಲಿ ನಾನು ನಿರಪರಾಧಿ ಎಂಬುದೇ ನನಗೆ ಮರೆತುಹೋಯಿತು. ಕಡೆಗೆ ಅಪ್ಪಾಸಾಹೇಬನೆದುರು ನಿಂತು ಅವನ ಹೆಗಲ ಮೇಲೆ ಕೈ ಇಟ್ಟರು, ಅಷ್ಟೇ. ಅಪ್ಪಾಸಾಹೇಬ ಕುಸಿದು ಕುಳಿತು ಹೋ ಎಂದು ಅತ್ತುಬಿಟ್ಟ. ಅದು ಯಾರೂ ಹೇಳಿಕೊಟ್ಟ ಅಳುವಲ್ಲ. ನಿರ್ದೇಶಕಿ 'ಕಟ್' ಹೇಳುವುದನ್ನೇ ಮರೆತಳು.

ಆಮೇಲೆ ಚಹಾ ಕುಡಿಯುವಾಗ ಅವನು ನನ್ನ ಕಿವಿಯಲ್ಲಿ ಉಸುರಿದ: "ಖರೇ ಹೇಳ್ತೀನಿ, ಅವ್ರು ಹಂಗ ನೋಡಾಕತ್ತಾಗ, ನಾ ಯಾರನ್ನ ಕೊಂದೀನಿ ಅಂತ ನೆನಪ ಮಾಡ್ಕೊಳ್ಳಾಕತ್ತಿದ್ದೆ."

ಹಿರಿಯರು ಪಡಸಾಲೆಯಲ್ಲಿ ಒಬ್ಬರೇ ಕುಳಿತಿದ್ದರು. ನನ್ನನ್ನು ಹತ್ತಿರ ಕರೆದು ಕೇಳಿದರು: "ನಾನು ಹೇಳಿದ್ದು ಎಲ್ಲರಿಗೂ ಕೇಳಿಸಿತಾ? ಮಾತು ಸ್ವಲ್ಪ ಉದ್ದ ಆಯ್ತೇನೋ."

ಅವರು ಅಷ್ಟನ್ನೂ ಒಳಗೊಳಗೇ ಹೇಳಿ ಮುಗಿಸಿದ್ದರು.

"ಭಾಳ ಛಲೋ ಕೇಳಿಸ್ತ್ರಿ," ಎಂದೆ.

ಚಿತ್ರ ಬೆಳಗಾವಿಗೆ ಬಂದಾಗ ಥೇಟರಿನಲ್ಲಿ ಜನ ಅಷ್ಟಕ್ಕಷ್ಟೇ. ಮೊದಲರ್ಧ ನಕ್ಕರು, ನಗದೇ ಏನು ಮಾಡಿಯಾರು, ಓಡಿಹೋಗುವ ಕಾರೂ ಬೆನ್ನಟ್ಟುವ ಕಾರೂ ಒಂದೇ ಆಗಿತ್ತು. ನನ್ನ ಹಿಂದೆ ಕುಳಿತಿದ್ದ ಗೃಹಸ್ಥರಂತೂ "ಅಂವ ಯಾರು? ಇಕಿ ಯಾಕ ಓಡಾಕತ್ತಾಳ?" ಎಂದು ಹೆಂಡತಿಯನ್ನು ಕೇಳುತ್ತಲೇ ಇದ್ದರು. ಕೊನೆಯ ದೃಶ್ಯ ಬಂದಿತು, ಅಂದು ತೆಗೆದಂತೆಯೇ, ಒಂದೂ ಮಾತಿಲ್ಲದೆ. ನಗು ನಿಂತಿತು, ಪ್ರಶ್ನೆಯೂ ನಿಂತಿತು.

ದೀಪ ಹತ್ತಿದಾಗ ಆ ಹೆಂಡತಿ ಕೇಳಿದರು: "ಈಗರ ತಿಳೀತಿಲ್ಲೋ ನಿಮಗ?"

"ಎಲ್ಲಾ ತಿಳೀತು," ಎಂದರು ಅವರು, ಕಣ್ಣೊರೆಸಿಕೊಳ್ಳುತ್ತ. "ಎಷ್ಟ ಚಂದ ಬಿಡಿಸಿ ಹೇಳಿದಾ ನೋಡು."