ಯಲ್ಲಪ್ಪನ ವಾಚಿನ ಚಕ್ರ

ಹಳಿಯಾಳದ ಪೇಟೆಯಲ್ಲಿ ಮೂವತ್ತೆಂಟು ವರ್ಷದಿಂದ ವಾಚ್ ರಿಪೇರಿ ಮಾಡುವ ಸಾತಪ್ಪನಿಗೆ ಒಂದು ಜಂಬವಿತ್ತು: ತನ್ನ ಕೈಗೆ ಬಂದ ವಾಚು ನಡೆಯದೆ ವಾಪಸು ಹೋದದ್ದಿಲ್ಲ. ಜಂಬದ ಗುಟ್ಟು ಮಾತ್ರ ಮೇಜಿನ ಕೆಳಗಿನ ಬಿಸ್ಕೀಟು ಡಬ್ಬಿಯಲ್ಲಿತ್ತು. ರಿಪೇರಿಗೆ ಕೊಟ್ಟು ಮೂರು ವರ್ಷವಾದರೂ ಒಯ್ಯದವರ ವಾಚುಗಳೆಲ್ಲ ಅದರಲ್ಲಿ ಬೀಳುತ್ತಿದ್ದವು. ಹಳೇ ವಾಚುಗಳ ಭಾಗಗಳು ಅಂಗಡಿಗಳಿಂದ ಕಾಣೆಯಾದ ಮೇಲೆ, ಒಂದರದ್ದು ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಆ ಕಸುಬಿನವರ ರೂಢಿ. ಅದು ತಪ್ಪೆಂದು ಸಾತಪ್ಪನಿಗೆ ಎಂದೂ ಅನ್ನಿಸಿರಲಿಲ್ಲ, ಶಂಕ್ರೆವ್ವ ಬಂದು ನಿಲ್ಲುವತನಕ.

ಆಕೆಯ ಕೈಯಲ್ಲಿ ಒಂಬತ್ತು ವರ್ಷದ ಹಿಂದೆ ಅವನೇ ಬರೆದುಕೊಟ್ಟ ಚೀಟಿ ಇತ್ತು.

"ನಮ್ಮ ಮನ್ಯಾರು ಕೊಟ್ಟಿದ್ರರಿ, ಯಲ್ಲಪ್ಪ ಅಂತ. ದಾಂಡೇಲಿಯೊಳಗ ಕಾಗದದ ಗಿರಣ್ಯಾಗ ಇದ್ರು. ಸಕ್ಕರಿ ಬ್ಯಾನಿ ಕಣ್ಣ ತಿಂತು, ಎಲ್ಲಾ ಬಿಟ್ಟು ಊರಿಗೆ ಹೋದ್ವಿ. ಈಗ ದಾಂಡೇಲಿಗೆ ಮಗಳ ಮನಿಗೆ ಬಂದೇವಿ. ಕಣ್ಣಿಲ್ಲ, ಕಿವಿ ಚಲೋ ಅದಾವು. ಅದು ಅವರಪ್ಪನ ವಾಚು. ಕಿವಿಗೆ ಹಿಡಕೊಂಡು ಕೇಳತೇನಿ, ತಾ ಅಂತ ದಿನಾ ಜೀವಾ ತಿಂತಾರ."

ಡಬ್ಬಿಯಲ್ಲಿ ವಾಚು ಸಿಕ್ಕಿತು. ಕವಚ, ಮುಳ್ಳು, ಪಟ್ಟಿ ಎಲ್ಲ ಇದ್ದವು. ಒಳಗೆ ಅತ್ತಿತ್ತ ಆಡುತ್ತ ಟಿಕ್ ಟಿಕ್ ಎನ್ನಿಸುವ ಬ್ಯಾಲೆನ್ಸ್ ಚಕ್ರ ಮಾತ್ರ ಇರಲಿಲ್ಲ. ಆರು ವರ್ಷದ ಹಿಂದೆ ಅದನ್ನು ಮುಂಡಗೋಡದ ಟಿಬೆಟನ್ ಕಾಲೊನಿಯ ವಯಸ್ಸಾದ ಥುಪ್ಟೆನ್ ಲಾಮಾರ ವಾಚಿಗೆ ಹಾಕಿದ್ದು ಸಾತಪ್ಪನಿಗೆ ಚೆನ್ನಾಗಿ ನೆನಪಿತ್ತು. ಆದರೆ ಬಾಯಿ ಬೇರೆಯೇ ಆಡಿತು.

"ಒಂದು ಪಾರ್ಟ್ ಕೆಟ್ಟೈತಿ ಅಕ್ಕಾರ. ತರಸ್ತೇನಿ. ಹದಿನೈದು ದಿನ ಬಿಟ್ಟು ಬರ್ರಿ."

ಹುಬ್ಬಳ್ಳಿಯ ಸಗಟು ವ್ಯಾಪಾರಿ ವಾಚು ನೋಡಿ, ಇಷ್ಟು ಹಳೇದರ ಚಕ್ರ ಈಗೆಲ್ಲಿ ಎಂದು ನಕ್ಕುಬಿಟ್ಟ. ಸಾತಪ್ಪನ ಮಗಳು ರಾಜಶ್ರೀ ಮೊಬೈಲಿನಲ್ಲಿ ಹುಡುಕಿ ಹುಡುಕಿ ಆ ವಾಚಿನ ಮಶೀನಿನ ಹಳೇ ಸರ್ವಿಸ್ ಹಾಳೆಯೊಂದನ್ನು ತೆಗೆದಳು. ಯಾವುದೋ ಪರದೇಶದ ಭಾಷೆ. ಚಿತ್ರ ಮತ್ತು ನಂಬರು ಮಾತ್ರ ಅರ್ಥವಾದವು. ವಾಚಿನ ಒಳಗೆ ಕೊರೆದ ನಂಬರಿಗೆ ಅದು ತಾಳೆಯಾದಾಗ ಅಪ್ಪ ಮಗಳು ಗೆದ್ದೆವೆಂದು ಚಹಾ ಕುಡಿದರು. ಮುಂಬಯಿಯ ಒಬ್ಬ ವ್ಯಾಪಾರಿ ಅದೇ ನಂಬರಿನ ಚಕ್ರ ಕಳಿಸಿದ. ಕೂರಿಸಲು ಹೋದರೆ ಚಕ್ರದ ನಡುವಿನ ಅಚ್ಚು ಕೂದಲೆಳೆಯಷ್ಟು ಗಿಡ್ಡ! ಕಂಪನಿಯವರು ಒಂದೇ ನಂಬರಿನಲ್ಲಿ ಎರಡು ನಮೂನೆ ಮಾಡಿದ್ದರು, ಮೊದಲಿನದು ಸಾದಾ, ಆಮೇಲಿನದು ಬಿದ್ದರೂ ಪೆಟ್ಟು ತಡೆಯುವಂಥದ್ದು. ಹಾಳೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿದ್ದರೆಂದು ಮುಂಬಯಿಯವನು ಆಮೇಲೆ ಹೇಳಿದ. ಓದಲು ಬರಬೇಕಲ್ಲ! ಸಾತಪ್ಪ ಇನ್ನೊಂದು ತರಿಸಿದ, ಅದು ತುಕ್ಕು ಹಿಡಿದಿತ್ತು. ಹದಿನೈದು ದಿನ ಹೋಗಿ ಮೂರು ತಿಂಗಳಾಯಿತು. ಶಂಕ್ರೆವ್ವ ನಾಲ್ಕು ಸಲ ಬಸ್ಸು ಹತ್ತಿ ಬಂದಳು. ಒಂದು ಸಲವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಡೆಗೆ ಸಾತಪ್ಪ ಗಟ್ಟಿ ಮನಸ್ಸು ಮಾಡಿ ಮುಂಡಗೋಡಕ್ಕೆ ಹೋದ. ಥುಪ್ಟೆನ್ ಲಾಮಾ ಅವನನ್ನು ಕಂಡದ್ದೇ ಮಣಿಕಟ್ಟು ಮುಂದೆ ಚಾಚಿದರು.

"ನೀವು ಮಾಡಿದ ಮೇಲೆ ಒಂದು ದಿನಾನೂ ನಿಂತಿಲ್ಲ."

ಬೆಣ್ಣೆ ಚಹಾ ಕೊಟ್ಟರು. ಕುಡಿದ. ಓಡುವ ವಾಚನ್ನು ಕೊಲ್ಲಲು ಕೊಡಿ ಎಂದು ಯಾವ ಬಾಯಿಂದ ಕೇಳುವುದು? ಸಂಜೆಯ ಬಸ್ಸಿಗೆ ಬಂದ ಹಾಗೆಯೇ ವಾಪಸು ಬಂದ.

ಮರುದಿನ ಅಂಗಡಿ ತೆರೆಯದೆ ದಾಂಡೇಲಿಗೆ ಹೋಗಿ, ಮಂಚದ ಮೇಲೆ ಕೂತಿದ್ದ ಯಲ್ಲಪ್ಪನ ಅಂಗೈಯಲ್ಲಿ ವಾಚು ಇಟ್ಟ. ಯಲ್ಲಪ್ಪ ಕೀಲಿ ತಿರುವಿದ. ಕಿವಿಗೆ ಹಿಡಿದ. ಅಲುಗಾಡಿಸಿ ಮತ್ತೆ ಹಿಡಿದ. ಸಾತಪ್ಪನಿಗೆ ತಡೆಯಲಾಗಲಿಲ್ಲ.

"ಅದು ನಡಿಯೂದಿಲ್ರಿ ಯಜಮಾನ್ರ. ಪಾರ್ಟ್ ಕೆಟ್ಟಿಲ್ಲ, ನಾನ ಸುಳ್ಳ ಹೇಳಿದ್ದೆ. ನೀವು ಬರೂದಿಲ್ಲ ಅಂತ ನಿಮ್ಮ ಚಕ್ರ ತಗದು ಮುಂಡಗೋಡದ ಲಾಮಾರ ವಾಚಿಗೆ ಹಾಕೇನಿ. ಅಂಥಾದ್ದು ಇನ್ನೊಂದು ಎಲ್ಲೂ ಸಿಗವಲ್ತು."

ಬಾಗಿಲಲ್ಲಿ ನಿಂತಿದ್ದ ಶಂಕ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಯಲ್ಲಪ್ಪ ವಾಚನ್ನು ಕಿವಿಯಿಂದ ಇಳಿಸಿದ.

"ಅಲ್ಲೆ ನಡದೈತೇನು ಅದು?"

"ನಡದೈತ್ರಿ."

"ಹಂಗಾದ್ರ ಅವರಿಗೆ ಫೋನ್ ಹಚ್ರಿ. ವಾಚು ಫೋನಿಗೆ ಹಿಡಿ ಅನ್ರಿ. ಒಂದ್ಸಲ ಕೇಳತೇನಿ."

ಅಷ್ಟು ಸಣ್ಣ ಸದ್ದು ಫೋನಿನಲ್ಲಿ ಹಾಯ್ದು ಬರುವುದಿಲ್ಲ ಎಂಬುದು ಸಾತಪ್ಪನಿಗೆ ಗೊತ್ತಿತ್ತು. ಆದರೂ ಹಚ್ಚಿದ. ಲಾಮಾ ಏನೂ ಕೇಳದೆ ಒಪ್ಪಿದರು. ಯಲ್ಲಪ್ಪ ಎರಡೂ ಕೈಯಿಂದ ಫೋನು ಕಿವಿಗೆ ಒತ್ತಿಕೊಂಡ. ಸ್ವಲ್ಪ ಹೊತ್ತಿಗೆ ಅವನ ಮುಖ ಅರಳಿತು.

"ಹ್ಞಾಂ, ಇದ. ನಮ್ಮಪ್ಪಂದ. ಕೇಳಸಾಕತ್ತೈತಿ."

ಸಾತಪ್ಪ ಬಗ್ಗಿ ಪರದೆ ನೋಡಿದ. ನೆಟ್‌ವರ್ಕ್ ಹೋಗಿ ಫೋನು ಆಗಲೇ ಕಟ್ಟಾಗಿತ್ತು. ಯಲ್ಲಪ್ಪ ಇನ್ನೂ ತಲೆದೂಗುತ್ತಲೇ ಇದ್ದ. ಆ ಫೋನನ್ನು ಯಾವಾಗ ಇಸಿದುಕೊಳ್ಳಬೇಕೆಂದು ಸಾತಪ್ಪನಿಗೆ ತಿಳಿಯಲಿಲ್ಲ.